ಮುಳುಗಡೆ ಊರಿನ ಕದ, ಹಿತ್ತಾಳೆಯ ಹಿಡಿ

ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಕದ ಬಹಳ ವರ್ಷ ಗೋಡೆಗೆ ಒರಗಿ ನಿಂತಿತ್ತು. ಅದಕ್ಕೆ ಬಾಗಿಲುವಾಡ ಇರಲಿಲ್ಲ, ಜೋಡಿಯ ಇನ್ನೊಂದು ಕದವೂ ಇರಲಿಲ್ಲ. ಕೋಳಿಗಳು ಅದರ ಹಿಂದೆ ಮೊಟ್ಟೆಯಿಡುತ್ತಿದ್ದವು. ನಾವು ಹುಡುಗರು ಅದರ ಹಿತ್ತಾಳೆಯ ಹೂಮೊಳೆಗಳನ್ನು ಕಲ್ಲಿನಿಂದ ಕೀಳಲು ನೋಡಿ ದಾದಿಯ ಕೈಲಿ ಪೆಟ್ಟು ತಿಂದಿದ್ದೇವೆ. ಆ ಕದ ದಾದಿ ಸೊಸೆಯಾಗಿ ಹೊಕ್ಕ ಮನೆಯದು. ಮನೆ ಇದ್ದ ಊರು ತುಂಗಭದ್ರಾ ಹಿನ್ನೀರಿನ ಅಡಿಯಲ್ಲಿದೆ.

ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಸುಮಾರು 90 ಹಳ್ಳಿಗಳು ಮುಳುಗಿದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಬಂದರು. ನಾರಾಯಣದೇವರಕೆರೆ ಮುಳುಗಿ ಮರಿಯಮ್ಮನಹಳ್ಳಿ ಎದ್ದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಪರಿಹಾರ, ನಿವೇಶನ, ಕಳೆದುಹೋದ ಹೊಲಗಳ ಬಗ್ಗೆ ಅಷ್ಟಿಷ್ಟು ಬರೆದಿದ್ದಾರೆ. ಜನ ಎದ್ದು ಬರುವಾಗ ಬಂಡಿಯಲ್ಲಿ ಏನು ಹೇರಿಕೊಂಡು ಬಂದರು ಎಂಬುದನ್ನು ಬರೆದವರು ಕಡಿಮೆ. ದಾದಿ ಹೇಳುತ್ತಿದ್ದ ಪಟ್ಟಿ ಹೀಗಿತ್ತು: ಕಾಳಿನ ಚೀಲಗಳು, ತಾಮ್ರದ ಹಂಡೆ, ಒಂದು ಸಂದೂಕ, ಕುರಾನಿನ ರೆಹಲ್, ತೊಲೆ ನಾಲ್ಕು, ಜೋಡಿ ಕದ. ಗೋಡೆ ಮಣ್ಣಿನದು, ಅದನ್ನು ನೀರಿಗೆ ಬಿಟ್ಟರೂ ನಡೆಯುತ್ತದೆ. ಮರ ಮತ್ತು ಲೋಹ ಬಿಟ್ಟು ಬರುವಷ್ಟು ಉಳ್ಳವರು ಅವರಲ್ಲಿ ಯಾರೂ ಇರಲಿಲ್ಲ. ಜೋಡಿಯಲ್ಲಿ ಒಂದು ಕದವನ್ನು ಯಾವುದೋ ಬರಗಾಲದ ವರ್ಷ ಅಬ್ಬಾ ಮಾರಿದರಂತೆ. ದಾದಿ ಅವರೊಡನೆ ಎರಡು ತಿಂಗಳು ಮಾತು ಬಿಟ್ಟಿದ್ದರು.

ಈಗ ತಂಗಿಯ ಮಗಳ ನಿಕಾಹ್ ಗೊತ್ತಾದಾಗ ಅಂಗಡಿಯ ಉಕ್ಕಿನ ಬೀರು ಬೇಡ, ದಾದಿಯ ಕದದಿಂದ ಒಂದು ಅಲಮಾರು ಮಾಡಿಸಿಕೊಡೋಣ ಎಂದು ಹೊಳೆಯಿತು. ಜಹೇಜಿನ ವಿರುದ್ಧ ಕಥೆ ಬರೆದವನು ನಾನು. ಆದ್ದರಿಂದ ಇದು ಜಹೇಜಲ್ಲ, ಮುತ್ತಜ್ಜಿಯ ನೆನಪು ಎಂದು ಮನೆಯವರಿಗೆಲ್ಲ ಎರಡೆರಡು ಸಲ ವಿವರಿಸಬೇಕಾಯಿತು. ಅವರು ನಂಬಿದರೋ ಇಲ್ಲವೋ.

ಕೊಟ್ಟೂರಿನ ಹಿರಿಯ ಬಡಿಗೇರರೊಬ್ಬರಿಗೆ ಕದ ತೋರಿಸಿದೆ. ಅವರು ಅದನ್ನು ನೆಲದ ಮೇಲೆ ಮಲಗಿಸಿ, ಮಗ್ಗುಲಿಗೆ ಕೂತು, ಬಹಳ ಹೊತ್ತು ಸುಮ್ಮನೆ ಕೈಯಾಡಿಸಿದರು. ಆಮೇಲೆ ಕದವನ್ನು ಹೊರಳಿಸಿ ಹಿಂಬದಿ ತೋರಿಸಿದರು.

"ನೋಡ್ರಿ ಸಾಬ್ರೆ, ಮೊಳಿ ತುದಿ ಹಿಂದೆ ಮಡಿಚ್ಯಾರ. ಇದು ಕಿತ್ರೆ ಬರಂಗಿಲ್ಲ, ಮುರೀತಾವ. ಕುಲುಮ್ಯಾಗ ಬಡಿದ ಮೊಳಿ ಇವು."

ಕದದ ವಯಸ್ಸು ಹೇಳುವ ವಿದ್ಯೆಯನ್ನು ನಾನು ಅಂದು ಅವರಿಂದ ಕಲಿತೆ. ಮೈ ಚೌಕವಾಗಿದ್ದು ತುದಿಗೆ ಸಣ್ಣಗಾಗುತ್ತ ಹೋಗುವ ಮೊಳೆ ಕಮ್ಮಾರನ ಕೈಯದು. ಮೈ ಗುಂಡಗಿರುವ ತಂತಿ ಮೊಳೆ ಕಾರ್ಖಾನೆಯದು, ಅದು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಎಲ್ಲ ಕಡೆ ಹರಡಿತು. ಇನ್ನು ಸ್ಕ್ರೂ. ಚೂಪು ತುದಿಯ ಸ್ಕ್ರೂವನ್ನು ಯಂತ್ರದಲ್ಲಿ ಮಾಡುವುದು ಶುರುವಾದದ್ದೇ 1840ರ ದಶಕದಲ್ಲಿ. ತಲೆಯ ಮೇಲೆ ಕೂಡುಗೆರೆ ಇರುವ ಸ್ಕ್ರೂ 1930ರ ದಶಕದ್ದು. ಹಾಗಾಗಿ 'ಇನ್ನೂರು ವರ್ಷದ ಪೆಟ್ಟಿಗೆ' ಎಂದು ಯಾರಾದರೂ ಮಾರಲು ಬಂದರೆ ಮೊದಲು ಅದರ ಸ್ಕ್ರೂಗಳ ತಲೆ ನೋಡಬೇಕು. ನಮ್ಮ ಕದದಲ್ಲಿ ಒಂದೂ ಸ್ಕ್ರೂ ಇರಲಿಲ್ಲ. ಬಿಜಾಗರಿಯೂ ಇರಲಿಲ್ಲ. ಮೇಲೆ ಕೆಳಗೆ ಮರದ ಗೂಟ, ಅದು ಕೂರಲು ಹೊಸ್ತಿಲಲ್ಲಿ ಒಂದು ಕುಳಿ. ಅದೇ ತಿರುಗುಣಿ.

ಈ ತಿರುಗುಣಿಯ ಕುಳಿಗಳನ್ನು ನಮ್ಮ ಸೀಮೆಯ ಹಳೆಯ ಗುಡಿಗಳ ಹೊಸ್ತಿಲಲ್ಲಿಯೂ ನೋಡಬಹುದು. ಹರಪನಹಳ್ಳಿ ಹತ್ತಿರದ ಬಾಗಳಿ, ಹಡಗಲಿ ಕಡೆಯ ಹಿರೇಹಡಗಲಿ, ಮಾಗಳ, ಹೊಳೆದಂಡೆಯ ಕುರುವತ್ತಿ, ಇವೆಲ್ಲ ಚಾಲುಕ್ಯರ ಕಾಲದ ಗುಡಿಗಳಿರುವ ಊರುಗಳು. ಮದ್ರಾಸ್ ಸರ್ಕಾರದ ಪುರಾತತ್ವ ಇಲಾಖೆಯಲ್ಲಿದ್ದ ಅಲೆಕ್ಸಾಂಡರ್ ರೇ ಈ ಗುಡಿಗಳನ್ನು ಅಳೆದು, ಚಿತ್ರ ಬರೆಸಿ, 1896ರಲ್ಲಿ ದೊಡ್ಡ ಪುಸ್ತಕವನ್ನೇ ತಂದ. ನಮ್ಮ ತಾಲೂಕುಗಳ ಬಾಗಿಲುವಾಡಗಳು ಲಂಡನ್ನಿನ ಗ್ರಂಥಾಲಯಗಳಿಗೆ ಹೋದದ್ದು ಹಾಗೆ. ಕಲ್ಲಿನ ಬಾಗಿಲುವಾಡದ ಪಟ್ಟಿಗಳನ್ನು ಹತ್ತಿರದಿಂದ ನೋಡಿದರೆ ಬಳ್ಳಿ, ಹೂವು, ಸಾಲಾಗಿ ಎದ್ದ ಗುಬುಟುಗಳು ಕಾಣುತ್ತವೆ. ದಾದಿಯ ಕದದ ಹೂಮೊಳೆಗೂ ಆ ಕಲ್ಲಿನ ಹೂವಿಗೂ ಎಸಳಿನ ಲೆಕ್ಕ ಒಂದೇ, ಎಂಟು. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರು ಎಂದು ನಾನು ಹೇಳಲಾರೆ. ಆದರೆ ಸಾವಿರ ವರ್ಷದಿಂದ ಈ ಸೀಮೆಯ ಜನ ಬಾಗಿಲೆಂದರೆ ಹೂವಿರಬೇಕು ಎಂದುಕೊಂಡಿದ್ದಾರೆ.

ಕದದ ಮೇಲೆ ಒಟ್ಟು ಇಪ್ಪತ್ತನಾಲ್ಕು ಹೂಮೊಳೆಗಳಿರಬೇಕಿತ್ತು. ಏಳು ಇರಲಿಲ್ಲ. (ಅದರಲ್ಲಿ ಎರಡಕ್ಕೆ ನಾನೇ ಜವಾಬ್ದಾರ.) ಎಳೆಯುವ ಬಳೆ ಇರಲಿಲ್ಲ, ಸರಪಳಿಯಲ್ಲಿ ಅರ್ಧ ಮಾತ್ರ ಉಳಿದಿತ್ತು. ಬಡಿಗೇರಜ್ಜ ಮರದ ಕೆಲಸಕ್ಕೆ ಒಂದು ತಿಂಗಳು ಕೇಳಿದರು. ಸಾಮಾನು ಹುಡುಕುವ ಕೆಲಸ ನನ್ನದು. ಅದಕ್ಕೆ ಐದು ತಿಂಗಳು ಹಿಡಿಯಿತು. ನಿಕಾಹ್ ಅಷ್ಟರಲ್ಲಿ ಮುಗಿದೇಹೋಗಿತ್ತು.

ಹುಡುಕಾಟಕ್ಕೆ ಹೊರಟಾಗ ಮೊದಲು ಎದುರಾದದ್ದು ಹೆಸರುಗಳ ಕಾಡು. ಅಂಗಡಿಯಲ್ಲಿ ಏನೆಂದು ಕೇಳುವುದು? ಬಿಜಾಗರಿ ಎಂಬುದು ಪೋರ್ಚುಗೀಸರ 'ಬಿಸಾಗ್ರ', ಗೋವೆಯಿಂದ ಮರಾಠಿಯ ಹೆಗಲೇರಿ ನಮ್ಮಲ್ಲಿಗೆ ಬಂತು. ಚಾವಿ, ಅಲಮಾರು ಕೂಡ ಅದೇ ಹಡಗಿನಲ್ಲಿ ಬಂದವು. ಮೇಜು ಫಾರಸಿ. ಸಂದೂಕ ಅರಬಿ. ಕುರ್ಚಿಯೂ ಅರಬಿ. ಆಯತುಲ್ ಕುರ್ಸಿ ಬಾಯಿಪಾಠ ಇರುವವರಿಗೆ ಇದನ್ನು ಹೇಳಬೇಕಿಲ್ಲ. ಪಂಚಾಯತಿ ಕಚೇರಿಯಲ್ಲಿ ಆ ಶಬ್ದದ ಮೇಲೆ ಕೂತವರಿಗೆ ಮಾತ್ರ ಗೊತ್ತಿರುವುದಿಲ್ಲ. ಅಗುಳಿ ಸಂಸ್ಕೃತದ ಅರ್ಗಲದಿಂದ ಬಂದದ್ದು. ಬೀಗ, ಮೊಳೆ, ಕದ, ಕೊಂಡಿ ಇವು ನಮ್ಮ ನೆಲದವು. ಕೊಂಡಿಗೆ ನಮ್ಮ ಮನೆಯ ದಖನಿ ಉರ್ದುವಿನಲ್ಲಿ ಕುಂಡಿ ಎನ್ನುತ್ತೇವೆ. ರಾತ್ರಿ ಅಮ್ಮಿ ಅಂಗಳದಿಂದ "ಕುಂಡಿ ಲಗಾ ರೇ" ಎಂದು ಗಟ್ಟಿಯಾಗಿ ಕೂಗಿದಾಗ ಪಕ್ಕದ ಮನೆಯ ಗೌಡರ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಎರಡು ಭಾಷೆಯ ನಡುವೆ ಬದುಕುವ ಕಷ್ಟವನ್ನು ನಾನು ಮೊದಲು ತಿಳಿದದ್ದು ಆ ಚಿಲಕದಿಂದಲೇ.

ಅಳತೆಗೂ ಹೀಗೇ. ಸರ್ಕಾರ 1956ರಲ್ಲೇ ಮೆಟ್ರಿಕ್ ಕಾಯಿದೆ ತಂದಿತು. ಬಡಗಿಗಳು ಇಂದಿಗೂ ಇಂಚನ್ನು ಬಿಟ್ಟಿಲ್ಲ. ಇಂಚಿನ ಎಂಟನೇ ಒಂದು ಭಾಗಕ್ಕೆ ಕನ್ನಡದ ಬಡಗಿ ನೂಲು ಎನ್ನುತ್ತಾನೆ, ಉರ್ದುವಿನವನು ಸೂತ್ ಎನ್ನುತ್ತಾನೆ. ಎರಡಕ್ಕೂ ಅರ್ಥ ದಾರ! ತೊಂದರೆ ಶುರುವಾಗುವುದು ಅಂಗಡಿಯಲ್ಲಿ. ಈಗ ಬರುವ ಹಿಡಿಗಳ ಎರಡು ತೂತಿನ ನಡುವಿನ ಅಂತರ 96 ಅಥವಾ 128 ಮಿಲಿಮೀಟರ್. ಹಳೆಯ ಸಾಮಾನು ಮೂರಿಂಚು, ನಾಲ್ಕಿಂಚು. ನಾಲ್ಕಿಂಚು ಎಂದರೆ ನೂರಾಒಂದೂವರೆ ಮಿಲಿಮೀಟರಿಗೆ ಒಂದು ಚೂರು ಹೆಚ್ಚು. ಹಳೆಯ ತೂತಿಗೆ ಹೊಸ ಹಿಡಿ ಕೂರುವುದಿಲ್ಲ, ಮಗ್ಗುಲಿಗೆ ಹೊಸ ತೂತು ಕೊರೆದರೆ ಎರಡೂ ಸೇರಿ ಒಂದು ಗಾಯವಾಗುತ್ತದೆ. ಅಂಥ ಕಡೆ ಹಿಂದೆ ತಗಡಿರುವ ಹಿಡಿಯನ್ನೇ ಹಾಕಬೇಕು, ಅದು ಹಳೆಯ ತೂತನ್ನು ಮುಚ್ಚುತ್ತದೆ.

ಹರಪನಹಳ್ಳಿಗೆ ಹೋದೆ. ಪಾಳೆಯಗಾರರ ಊರು. ಕೋಟೆ ಬಾಗಿಲುಗಳಿಗೆ ಮುಳ್ಳು, ಆನೆ ಕುದುರೆಗಳಿಗೆ ಸಜ್ಜು, ಎಲ್ಲವನ್ನೂ ಮಾಡುವ ಲೋಹದ ಕಸುಬಿನವರು ಇಂಥ ಊರುಗಳಿಗೆ ಬೇಕಿತ್ತು. 1786ರಲ್ಲಿ ಟಿಪ್ಪು ಈ ಪಾಳೆಯವನ್ನು ವಶಕ್ಕೆ ತೆಗೆದುಕೊಂಡ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದು ಪಾಳೆಯಗಾರರ ದಂಡುಗಳನ್ನು ಮುರಿದ. ದಂಡು ಹೋದ ಮೇಲೆ ಕಮ್ಮಾರರು, ಕಂಚುಗಾರರು ಏನು ಮಾಡಿದರು? ಕಚೇರಿಯ ಕಾಗದಗಳಲ್ಲಿ ಪಾಳೆಯಗಾರರ ಪಿಂಚಣಿ ಸಿಗುತ್ತದೆ, ಕಮ್ಮಾರನ ಹೊಟ್ಟೆಪಾಡು ಸಿಗುವುದಿಲ್ಲ. ನನ್ನ ಊಹೆ ಇಷ್ಟು: ಕೋಟೆಯ ಬಾಗಿಲಿಗೆ ಮುಳ್ಳು ಬಡಿಯುತ್ತಿದ್ದ ಕೈಗಳೇ ಗೌಡರ, ವರ್ತಕರ, ನಮ್ಮಂಥ ಸಾಬರ ಮನೆಯ ಕದಕ್ಕೆ ಹೂಮೊಳೆ ಬಡಿದಿರಬೇಕು. ಮುಳ್ಳಿನ ತುದಿ ಬಡಿದು ಚಪ್ಪಟೆ ಮಾಡಿದರೆ ಹೂವಾಗುತ್ತದಲ್ಲ.

ಹರಪನಹಳ್ಳಿಯೂ ಪಾಪ, ಜಿಲ್ಲೆಯಿಂದ ಜಿಲ್ಲೆಗೆ ತಿರುಗುಣಿ ಹಾಕಿದ ಊರು. 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಅಲ್ಲಿನ ಅಂಗಡಿಗಳಲ್ಲಿ ನನಗೆ ಬೇಕಾದ್ದು ಸಿಗಲಿಲ್ಲ. ಒಂದು ಕಡೆ ಮಾತ್ರ ಹೊಳೆಹೊಳೆವ ಬಳೆಯೊಂದನ್ನು "ಅಸಲಿ ಹಿತ್ತಾಳೆ" ಎಂದು ಕೊಟ್ಟರು, ಬೆಲೆಯನ್ನೂ ಅಸಲಿಯದೇ ತೆಗೆದುಕೊಂಡರು. ತಂದು ಬಡಿಗೇರಜ್ಜನ ಕೈಗಿಟ್ಟರೆ ಅವರು ಅಂಗೈಯಲ್ಲಿ ಎರಡು ಸಲ ಕುಣಿಸಿ, "ಹಗುರ ಐತಿ" ಎಂದರು. ಅರದಿಂದ ಹಿಂಬದಿ ಒಂದು ಗೀರು ಎಳೆದರು. ಒಳಗೆ ಬೆಳ್ಳಗಿತ್ತು. ಸತುವಿನ ಎರಕ, ಮೇಲೆ ಬಂಗಾರದ ಬಣ್ಣ. ಒಂದು ಘನ ಸೆಂಟಿಮೀಟರ್ ಹಿತ್ತಾಳೆ ಸುಮಾರು ಎಂಟೂವರೆ ಗ್ರಾಂ ತೂಗುತ್ತದೆ, ಈ ಎರಕ ಆರೂಮುಕ್ಕಾಲಿಗೆ ಮೇಲೆ ಹೋಗುವುದಿಲ್ಲ. ಅಯಸ್ಕಾಂತ ಹಿಡಿದರೆ ಕಬ್ಬಿಣದ ಮೋಸ ಗೊತ್ತಾಗುತ್ತದೆ, ಸತುವಿನದು ಗೊತ್ತಾಗುವುದಿಲ್ಲ. ಅದಕ್ಕೆ ತೂಕ ಮತ್ತು ಗೀರು ಬೇಕು. ಓದಿದವನು ನಾನು ಮೋಸ ಹೋದೆ, ಅಂಗೈ ಮೋಸ ಹೋಗಲಿಲ್ಲ.

ಹಿತ್ತಾಳೆಯೇ ಯಾಕೆ, ಕಬ್ಬಿಣದ್ದು ಹಾಕಿ ಬಣ್ಣ ಬಳಿದರಾಗದೇ ಎಂದು ಮನೆಯಲ್ಲಿ ಕೇಳಿದರು. ಆಗುತ್ತದೆ, ಮರ ಯಾವುದೆಂದು ನೋಡಬೇಕು. ತೇಗದಲ್ಲಿ ಎಣ್ಣೆಯಂಶವಿದೆ, ಅದರೊಳಗೆ ಹೊಕ್ಕ ಕಬ್ಬಿಣ ಬೇಗ ತುಕ್ಕು ಹಿಡಿಯುವುದಿಲ್ಲ. ನಮ್ಮ ಬಯಲಿನ ಮರ ಜಾಲಿ. ಜಾಲಿಯಲ್ಲಿ ಚರ್ಮ ಹದ ಮಾಡುವ ಒಗರು ತುಂಬಿದೆ. ಆ ಒಗರು ಮತ್ತು ಕಬ್ಬಿಣ ನೀರಿನ ಪಸೆಯಲ್ಲಿ ಸೇರಿದರೆ ಮರ ಶಾಯಿ ಚೆಲ್ಲಿದಂತೆ ಕರ್ರಗಾಗುತ್ತದೆ. ನಮ್ಮ ಕದದ ಚೌಕಟ್ಟು ತೇಗ, ಅಡ್ಡಪಟ್ಟಿಗಳು ಜಾಲಿ. ತೇಗಕ್ಕೆ ಕಬ್ಬಿಣದ ಮೊಳೆ, ಜಾಲಿಗೆ ಹಿತ್ತಾಳೆಯ ಹೂಮೊಳೆ ಹಾಕಿದ್ದರು. ನಾನು ಅಲಂಕಾರ ಅಂದುಕೊಂಡಿದ್ದದ್ದು ಲೆಕ್ಕಾಚಾರವೂ ಆಗಿತ್ತು.

ಅಲಂಕಾರವನ್ನೇ ಬೇಡವೆಂದ ಸಾಮಾನೂ ನಮ್ಮ ಮನೆಯಲ್ಲಿತ್ತು, ಬಂಡಿಯಲ್ಲಿ ಬಂದ ರೆಹಲ್. ಒಂದೇ ಹಲಗೆಯನ್ನು ನಡುವೆ ಸೀಳಿ, ಒಂದರೊಳಗೊಂದು ಹಲ್ಲು ಕೂರುವಂತೆ ಕೆತ್ತಿ, ಮಡಚಿ ತೆರೆಯುವಂತೆ ಮಾಡುತ್ತಾರೆ. ಮೊಳೆಯಿಲ್ಲ, ಸರಳಿಲ್ಲ, ಅಂಟಿಲ್ಲ. ಮರದ ಬಿಜಾಗರಿ ಮರದಲ್ಲೇ ಹುಟ್ಟುತ್ತದೆ. ಇದನ್ನು ಬಡಿಗೇರಜ್ಜನಿಗೆ ತೋರಿಸಿದಾಗ ಅವರು ನಕ್ಕು, ಮಠದಲ್ಲಿ ಪುರಾಣ ಓದುವ ವ್ಯಾಸಪೀಠವನ್ನು ತಾವೂ ಹೀಗೇ ಮಾಡಿದ್ದೇವೆ ಎಂದರು. ಕುರಾನಿಗೂ ಪುರಾಣಕ್ಕೂ ಹಲಗೆ ಸೀಳುವ ಉಳಿ ಒಂದೇ ಮಾದರಿಯದು.

ಕೊಟ್ಟೂರಿನ ವಿಷಯಕ್ಕೆ ಬರುತ್ತೇನೆ. ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದದ್ದು 1905ರಲ್ಲಿ. ಹತ್ತಿ, ಶೇಂಗಾ ಇಲ್ಲಿಂದ ಹೋದವು. ಅತ್ತಲಿಂದ ಏನು ಬಂತೋ ಹಳೆಯ ಮನೆಗಳ ಕದ ನೋಡಿದರೆ ತಿಳಿಯುತ್ತದೆ. ರೈಲಿಗಿಂತ ಹಿಂದಿನ ಮನೆಗಳಲ್ಲಿ ತಿರುಗುಣಿ, ಆಮೇಲಿನವಲ್ಲಿ ಬಿಜಾಗರಿ, ಕೆಲವಕ್ಕೆ ಇಂಗ್ಲೀಷ್ ಅಕ್ಷರ ಒತ್ತಿದ ಬೀಗ. ಅಲಿಗಢದ ಬೀಗ, ಮುರಾದಾಬಾದಿನ ಹಿತ್ತಾಳೆ ಕೂಡ ದೇಶದ ಉದ್ದಗಲಕ್ಕೆ ಹೋದದ್ದು ರೈಲಿನ ಬೆನ್ನಿಗೇ. ಎರಡೂ ಊರುಗಳ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ನಮ್ಮ ಜನ ಬಹಳ. ಬೊಂಬಾಯಿಯಲ್ಲಿ ಗೋದ್ರೇಜ್ ಬೀಗ ಶುರುವಾದದ್ದು 1897ರಲ್ಲಿ. ಇತ್ತ ಬಳ್ಳಾರಿ ಸೀಮೆಯ ಕಮ್ಮಾರ ಕುಲುಮೆಯ ಮುಂದೆ ಕೂತು, ವಿಲಾಯಿತಿ ಕಬ್ಬಿಣದ ಎದುರು ಸೋಲುತ್ತಿದ್ದ. ಸಂಡೂರು ಬೆಟ್ಟಗಳಲ್ಲಿ ಎಂಥ ಅದಿರಿದೆ ಎಂದು ರಾಬರ್ಟ್ ಬ್ರೂಸ್ ಫೂಟ್ 1895ರಲ್ಲಿ ಪ್ರಕಟವಾದ ತನ್ನ ಭೂಗರ್ಭ ವರದಿಯಲ್ಲಿ ಬರೆದ. ಆ ಅದಿರಿನ ಬುಡದಲ್ಲೇ ಬದುಕಿದ ಊರುಗಳಿಗೆ ಮೊಳೆ ಹೊರಗಿನಿಂದ ಬರತೊಡಗಿತ್ತು.

ಈ ಕಥೆಗೆ ಎರಡನೇ ಸುತ್ತೂ ಇದೆ. 2003ರ ಆಚೀಚೆ ಚೀನಾಕ್ಕೆ ಅದಿರು ಹೋಗತೊಡಗಿದಾಗ ಲಾರಿಗಳ ಸಾಲು ನಮ್ಮ ರಸ್ತೆಗಳನ್ನು ಹುಡಿ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೆ ಅದೊಂದು ಜಾತ್ರೆ. ಹಣ ಕಂಡವರು ಹಳೆಯ ತೊಟ್ಟಿಮನೆ ಕೆಡವಿ ಬಂಗಲೆ ಕಟ್ಟಿದರು. ಕೆಡವಿದ ಮನೆಯ ಕದ, ಕಂಬಗಳನ್ನು ಕೊಳ್ಳಲು ದೂರದ ವ್ಯಾಪಾರಿಗಳು ಬಂದರು. ಕದಕ್ಕೆ ಒಂದು ಬೆಲೆ ಕಟ್ಟಿ ಒಯ್ದವರು ಉತ್ತಮರು. ಬಾಕಿಯವರು ಹಿತ್ತಾಳೆಯನ್ನು ಕಿತ್ತು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿ, ಮರವನ್ನು ಸೌದೆಗೆ ಬಿಟ್ಟರು. ಹೊಸ ಬಂಗಲೆಯ ಅಲಮಾರುಗಳಿಗೆ ಬಂದ ಬಿಜಾಗರಿಯ ಡಬ್ಬಿಯ ಮೇಲೆ ಚೀನಾದ ಹೆಸರಿತ್ತು. ಸಂಡೂರಿನ ಬೆಟ್ಟ ಹಡಗು ಹತ್ತಿ ಹೋಗಿ ಡಬ್ಬಿಯಲ್ಲಿ ವಾಪಸಾಯಿತೋ ಏನೋ.

ಕೂಡ್ಲಿಗಿಯ ಒಂದು ಗುಜರಿಯಲ್ಲಿ ನನಗೆ ಅದೃಷ್ಟ ಕೂಡಿಬಂತು. ತೂತು ಬಿದ್ದ ಕೊಡ, ಮುರಿದ ನಲ್ಲಿಗಳ ರಾಶಿಯಲ್ಲಿ ಹೂಮೊಳೆಗಳ ಒಂದು ಹಿಡಿ ಇತ್ತು. ಎಂಟೆಸಳಿನವು ನಾಲ್ಕು, ಆರೆಸಳಿನವು ಎಷ್ಟೋ. ಯಾವ ಮನೆಯವು ಎಂದು ಕೇಳಿದೆ. ಗುಜರಿಯ ಹುಡುಗ, ನಮ್ಮವನೇ, "ಚಚ್ಚಾ, ಇಲ್ಲಿಗೆ ಬಂದದ್ದಕ್ಕೆ ಮನೆ ಇರಲ್ಲ" ಎಂದ. ತಕ್ಕಡಿಗೆ ಹಾಕಿ ತೂಕದ ದುಡ್ಡು ತೆಗೆದುಕೊಂಡ. ಕಥೆಗಾರನಾದ ನನಗೆ ಆ ಮಾತನ್ನು ಪುಕ್ಕಟೆ ಕೊಟ್ಟ.

ಉಳಿದ ಮೂರನ್ನು ಎರಕ ಹೊಯ್ಯಿಸಬೇಕಾಯಿತು. ಹಡಗಲಿ ಕಡೆ ಗುಡಿಯ ಗಂಟೆ, ಮೊಹರಮ್ಮಿನ ಹಸ್ತಗಳ ರಿಪೇರಿ ಮಾಡುವ ಎರಕದವರೊಬ್ಬರಿದ್ದಾರೆಂದು ತಿಳಿದು ಹೋದೆ. ಮಲ್ಲಿಗೆ ಹೂವಿನ ಊರು ಅದು. ವಿಜಯನಗರದ ಕಾಲದಲ್ಲಿ ಹೊಳೆಯ ಮೇಲೆ ಹಡಗಿನಲ್ಲಿ ಹಂಪಿಗೆ ಹೂವು ಹೋಗುತ್ತಿತ್ತು, ಅದಕ್ಕೇ ಹೂವಿನಹಡಗಲಿ ಎನ್ನುತ್ತಾರೆ. ಹೂವು ಹುಡುಕಿಕೊಂಡು ಹೋದವನಿಗೆ ಸರಿಯಾದ ವಿಳಾಸ! ಅವರು ಹಳೆಯ ಹೂಮೊಳೆಯೊಂದನ್ನೇ ಮಣ್ಣಿನಲ್ಲಿ ಒತ್ತಿ ಅಚ್ಚು ತೆಗೆದರು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ತಾಮ್ರ ಕರಗಲು 1085 ಡಿಗ್ರಿ ಬೇಕು, ಸತು 907ಕ್ಕೇ ಕುದಿದು ಹಬೆಯಾಗುತ್ತದೆ. ಅದಕ್ಕೆ ಹಳೆಯ ಹಿತ್ತಾಳೆಯನ್ನು ಮತ್ತೆ ಮತ್ತೆ ಕರಗಿಸಿದರೆ ಸತು ಹಾರಿಹೋಗಿ ಬಣ್ಣ ಕೆಂಪಿಗೆ ತಿರುಗುತ್ತದೆ. "ನಿಮ್ಮ ಹಳೇ ಹೂವಿನ ಬಣ್ಣ ಇದ್ರಾಗ ಬರಂಗಿಲ್ಲ, ಇವು ಒಂಚೂರು ಕೆಂಪಾಗ್ತಾವ" ಎಂದು ಎರಕದವರು ಮೊದಲೇ ಹೇಳಿದರು. ಹಾಗೇ ಆಯಿತು.

ಹೊಸ ಹೂವು ಥಳಥಳ ಹೊಳೆದು ಹಳೆಯವುಗಳ ನಡುವೆ ಮದುವೆ ಮನೆಗೆ ಬಂದ ಸಾಹುಕಾರರಂತೆ ಕಂಡವು. ಇದಕ್ಕೆ ಬಡಿಗೇರಜ್ಜನ ಮದ್ದು ತಿಪ್ಪೆ. ಬಟ್ಟೆಯಲ್ಲಿ ಕಟ್ಟಿ ಒಂದು ವಾರ ತಿಪ್ಪೆಯಲ್ಲಿ ಹೂತಿಟ್ಟರು. ಗಂಜಲದ ಅಮೋನಿಯಾ ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ. ಆದರೆ ಬಳೆಯನ್ನು ಹೂಳಲು ಅವರು ಒಪ್ಪಲಿಲ್ಲ. ಬಡಿದು ಬಗ್ಗಿಸಿದ್ದು ಒಡೆಯುತ್ತದೆ, ಎರಕದ್ದು ಮಾತ್ರ ತಡೆಯುತ್ತದೆ ಎಂದರು. ಆಮೇಲೆ ಓದಿ ನೋಡಿದರೆ ಬ್ರಿಟಿಷ್ ಸೈನ್ಯಕ್ಕೂ ಇದೇ ಪಾಠವಾಗಿತ್ತು. ಭಾರತದಲ್ಲಿ ಮಳೆಗಾಲಕ್ಕೆ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆಯ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆಯ ಗಂಜಲದ ಅಮೋನಿಯಾವೇ ಕಾರಣ ಎಂದು ಇಂಗ್ಲೆಂಡಿನ ವಿಜ್ಞಾನಿಗಳು ವಿವರಿಸಿದ್ದು 1921ರಲ್ಲಿ. ಕೊಟ್ಟೂರಿನ ಅಜ್ಜನಿಗೆ ಅದನ್ನು ಹೇಳಿದವರು ಯಾರು ಎಂದು ಕೇಳಿದೆ. "ನಮ್ಮಪ್ಪ" ಎಂದರು.

ಸರಪಳಿ ಮಾತ್ರ ನಮ್ಮ ಊರಲ್ಲೇ ಆಯಿತು. ನಾಲ್‌ಬಂದ್ ಮನೆತನದ ಹಿರಿಯರೊಬ್ಬರು ಎತ್ತುಗಳಿಗೆ ಲಾಳ ಕಟ್ಟಿ ಬದುಕಿದವರು. ಅರಬಿಯ ನಅಲ್ ಎಂದರೆ ಪಾದರಕ್ಷೆ, ಅದು ಉರ್ದುವಿನಲ್ಲಿ ನಾಲ್, ಕನ್ನಡದಲ್ಲಿ ಲಾಳ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತೇ ಕಡಿಮೆ, ಲಾಳ ಎಲ್ಲಿಯದು? ಮಗ ಹೊಸಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಅದೂ ಕಾಲಿಗೆ ಜೋಡು ತೊಡಿಸುವ ಕೆಲಸವೇ ಎಂದು ಅವರು ತಮಾಷೆ ಮಾಡುತ್ತಾರೆ. ಅರ್ಧ ಸರಪಳಿಗೆ ಇನ್ನರ್ಧ ಕೊಂಡಿಗಳನ್ನು ಬೆಸೆದುಕೊಟ್ಟು ದುಡ್ಡು ಬೇಡವೆಂದರು. ಮುಳುಗಿದ ಊರಿನಲ್ಲಿ ಅವರಿಗೂ ಮನೆಯಿತ್ತು.

ಕೊನೆಗೆ ಸಾಮಾನು ಕೂಡಿಸುವ ದಿನ ನಾನು ಕೊಟ್ಟೂರಿನಲ್ಲೇ ಇದ್ದೆ. ಹಿತ್ತಾಳೆಯ ಬಿಜಾಗರಿಗೆ ಹಿತ್ತಾಳೆಯದೇ ಸ್ಕ್ರೂ ಬೇಕು, ಆದರೆ ಅದು ಮೆದು, ಗಟ್ಟಿ ಮರದಲ್ಲಿ ತಿರುವಿದರೆ ಕತ್ತು ಮುರಿಯುತ್ತದೆ. ಅಜ್ಜ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ದಾರಿ ಮಾಡಿ ತೆಗೆದರು. ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ನಿಧಾನ ತಿರುವಿದರು. ಹದಿನಾರು ಸ್ಕ್ರೂಗಳಲ್ಲಿ ಒಂದೂ ಮುರಿಯಲಿಲ್ಲ. ಕೆಲಸ ಮಾಡುತ್ತ ಅವರು 2017ರಲ್ಲಿ ಕೊಟ್ಟೂರೇಶ್ವರನ ತೇರು ಅಚ್ಚು ಮುರಿದು ಉರುಳಿದ ದಿನವನ್ನು ಹೇಳುತ್ತಿದ್ದರು. "ಅಷ್ಟು ದೊಡ್ಡ ತೇರು, ಒಂದು ಅಚ್ಚು" ಎಂದು ನಿಲ್ಲಿಸಿದರು.

ಅಲಮಾರು ಈಗ ದಾವಣಗೆರೆಯಲ್ಲಿ ತಂಗಿಯ ಮಗಳ ಮನೆಯಲ್ಲಿದೆ. ಇಪ್ಪತ್ತನಾಲ್ಕು ಹೂಗಳಲ್ಲಿ ಮೂರು ಸ್ವಲ್ಪ ಕೆಂಪು. ಹೋದ ತಿಂಗಳು ಫೋನ್ ಮಾಡಿ, ಸರಪಳಿ ಕದಕ್ಕೆ ಬಡಿದು ಸಪ್ಪಳವಾಗುತ್ತದೆ ಮಾಮೂ, ತೆಗೆಸಲೇ ಎಂದಳು. ಬಟ್ಟೆ ಸುತ್ತು ಎಂದೆ. ಆಮೇಲೆ ಅವಳೇ ಬೇಡ ಬಿಡಿ, ಅತ್ತೆಗೆ ಆ ಸಪ್ಪಳ ಇಷ್ಟವಂತೆ ಎಂದಳು. ಅವರೂ ಹಿನ್ನೀರಿನ ಕಡೆಯವರು.